ಕಾರಿಗೆ ಪಾಲಿಶ್ ಯಂತ್ರ: ಹೊಸಬರು ಯಾವುದನ್ನು ಕೊಳ್ಳಬೇಕು?

ಮಳೆ ಹಿಂದೆ ಸರಿದು ಕಾಫಿ ಕೊಯ್ಲು ಇನ್ನೂ ಆರಂಭವಾಗದ ಕೆಲವು ವಾರಗಳಲ್ಲಿ ನಮ್ಮ ಬೆಳೆಗಾರರು ತಮ್ಮ ವಾಹನದ ಕಡೆ ಕಣ್ಣು ಹಾಯಿಸುವುದುಂಟು. ನಾಲ್ಕು ತಿಂಗಳು ಕೆಸರು, ಪಾಚಿ, ಮರದಡಿಯ ಎಲೆಗೊಳೆ, ಹಲಸಿನ ಮೇಣ, ಬೋರ್ಡೋ ದ್ರಾವಣದ ಸಿಡಿತ ಇವೆಲ್ಲವನ್ನೂ ಸಹಿಸಿದ ಬಣ್ಣ ಮಂಕಾಗಿರುತ್ತದೆ. ಬಿಸಿಲಿಗೆ ನಿಲ್ಲಿಸಿ ನೋಡಿದರೆ ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ನವುರಾದ ಗೀರುಗಳು ಕಾಣುತ್ತವೆ. ಪೇಟೆಯಲ್ಲಿ ಇದನ್ನು ಸರಿಪಡಿಸಲು ಕೇಳುವ ಮಜೂರಿಯನ್ನು ಕಂಡು, ಒಂದು ಯಂತ್ರವನ್ನೇ ಕೊಂಡು ಮನೆಯಲ್ಲಿ ಮಾಡಿಕೊಂಡರೇನು ಎಂದು ಹಲವು ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಿದ್ದಾರೆ. ಧಾರಾಳವಾಗಿ ಮಾಡಿಕೊಳ್ಳಬಹುದು. ಆದರೆ ತಪ್ಪು ಯಂತ್ರ ಕೈಗೆ ಬಂದರೆ ಉಳಿತಾಯವಾಗಬೇಕಾದ ಹಣದ ಹಲವು ಪಟ್ಟನ್ನು ಬಣ್ಣ ಬಳಿಸಲು ತೆರಬೇಕಾದೀತು. ಆದ್ದರಿಂದ ಈ ವಿಷಯವನ್ನು ಬುಡದಿಂದಲೇ ನೋಡೋಣ.

ಪಾಲಿಶ್ ಎಂದರೆ ಏನನ್ನೋ ಹಚ್ಚಿ ಹೊಳಪು ಬರಿಸುವುದು ಎಂಬ ತಿಳುವಳಿಕೆ ಸಾಮಾನ್ಯವಾಗಿದೆ. ಹಚ್ಚುವುದು ಮೇಣ, ಅಂದರೆ ವ್ಯಾಕ್ಸ್. ಪಾಲಿಶ್ ಮಾಡುವುದು ತೆಗೆಯುವ ಕೆಲಸ. ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜದ ಮೇಲಿನ ಬೆಳ್ಳಿಪೊರೆಯನ್ನು ಉಜ್ಜಿ ತೆಗೆದು ಹೊಳಪು ತರುತ್ತಾರಲ್ಲವೇ, ಇಲ್ಲಿಯೂ ಹಾಗೆಯೇ. ಗೀರು ಎಂಬುದು ಮೇಲ್ಮೈಯಲ್ಲಿ ಬಿದ್ದ ಒಂದು ಸಣ್ಣ ಚರಂಡಿ. ಚರಂಡಿಯನ್ನು ತುಂಬಲಾಗದು, ಅದರ ಅಕ್ಕಪಕ್ಕದ ದಿಣ್ಣೆಯನ್ನು ಅದರ ತಳದ ಮಟ್ಟಕ್ಕೆ ಇಳಿಸಬೇಕು. ಇದಕ್ಕಾಗಿಯೇ ಪಾಲಿಶ್ ದ್ರವದಲ್ಲಿ ಅತಿ ನುಣ್ಣನೆಯ ಸಾಣೆಪುಡಿ ಇರುತ್ತದೆ.

ಇಳಿಸಲು ಎಷ್ಟು ದಪ್ಪ ಇದೆ? ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಈ ಮೇಲಿನ ಪದರಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿಗೆ 1000 ಮೈಕ್ರಾನ್; ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಈ ಕೂದಲಿಗಿಂತ ತೆಳುವಾದ ಪದರವೇ. ಒಂದು ಸಲ ಒರಟು ಕಾಂಪೌಂಡ್ ಹಾಕಿ ಉಜ್ಜಿದರೆ 2ರಿಂದ 5 ಮೈಕ್ರಾನ್ ಹೋಗುತ್ತದೆ. ತೋಟದ ಮೇಲ್ಮಣ್ಣಿನಂತೆ ಇದು ಹೋದದ್ದು ಹೋಯಿತು, ಮತ್ತೆ ಬೆಳೆಯುವುದಿಲ್ಲ. ಪದರ ಸವೆದು ತೂತಾದ ಕಡೆ ಮೊದಲು ಮಂಕು ಕಲೆ, ಕೆಲವು ಬೇಸಗೆ ಕಳೆದ ಮೇಲೆ ಬಿಳಿ ಸಿಪ್ಪೆ. ಆ ಭಾಗಕ್ಕೆ ಮರಳಿ ಬಣ್ಣ ಬಳಿಸುವುದಲ್ಲದೆ ಬೇರೆ ಉಪಾಯವಿಲ್ಲ. ವಾಹನ ಮಾರುವಾಗ ಮರುಬಣ್ಣ ಕಂಡ ಗಿರಾಕಿ, ಅಪಘಾತವಾದ ಗಾಡಿಯೇ ಇರಬೇಕೆಂದು ಬೆಲೆ ಇಳಿಸುವುದೂ ಎಲ್ಲರಿಗೂ ಗೊತ್ತಿರುವ ಸಂಗತಿ.

ಹೀಗಾಗಿ ಹೊಸಬರು ಯಂತ್ರ ಆರಿಸುವಾಗ ಎಷ್ಟು ಬೇಗ ಕೆಲಸ ಮುಗಿಸುತ್ತದೆ ಎಂದು ಕೇಳುವುದಕ್ಕಿಂತ, ಕೈ ತಪ್ಪಿದಾಗ ಎಷ್ಟು ಹಾನಿ ಮಾಡುತ್ತದೆ ಎಂದು ಕೇಳುವುದು ಯುಕ್ತ.

ಪೇಟೆಯಲ್ಲಿ ದೊರೆಯುವ ಯಂತ್ರಗಳು ಮುಖ್ಯವಾಗಿ ಮೂರು ಬಗೆ. ಹಳೆಯದು ರೋಟರಿ. ಮೋಟಾರು ತಿರುಗಿದಂತೆ ಪ್ಯಾಡ್ ಒಂದೇ ಅಚ್ಚಿನ ಮೇಲೆ ಗಿರಗಿರನೆ ತಿರುಗುತ್ತದೆ, ನಿಮಿಷಕ್ಕೆ ಸುಮಾರು 600ರಿಂದ 3000 ಸುತ್ತು. ವರ್ಕ್‌ಶಾಪಿನ ಪಳಗಿದ ಕೈಗೆ ಇದೇ ಪ್ರಿಯ, ಏಕೆಂದರೆ ಬಲವಾಗಿ ಕೊರೆಯುತ್ತದೆ, ಬೆಲೆಯೂ ಕಡಿಮೆ. ಆದರೆ ನೀವು ಒತ್ತಿದಷ್ಟೂ ಅದು ತಿರುಗುತ್ತಲೇ ಇರುತ್ತದೆ. ಒಂದೇ ಕಡೆ ಕೆಲವು ಕ್ಷಣ ನಿಂತರೆ ಶಾಖವೇರಿ ಬಣ್ಣ ಸುಡುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣು ಇಂಥ ಕಡೆಗಳಲ್ಲಿ ಬಣ್ಣ ಮೊದಲೇ ತೆಳು, ಅಲ್ಲಿ ಇದರ ಆಟ ಇನ್ನೂ ಅಪಾಯ. ಪ್ಲಾಸ್ಟಿಕ್ ಬಂಪರು ಶಾಖವನ್ನು ತಗಡಿನಂತೆ ಹರಡಿ ಹೊರಹಾಕದು, ಆದ್ದರಿಂದ ಅಲ್ಲಿಯೂ ಎಚ್ಚರ ಬೇಕು. ಇಷ್ಟೆಲ್ಲ ಪಾರಾದರೂ ಬಿಸಿಲಿನಲ್ಲಿ ನೋಡಿದಾಗ ಬಣ್ಣದ ಮೇಲೆ ಸುರುಳಿಸುರುಳಿಯಾದ ನೆರಳು ಓಡಾಡುವುದು ಅನನುಭವಿಯ ರೋಟರಿ ಕೆಲಸದ ಗುರುತು.

ಎರಡನೆಯದು ಡ್ಯುಯಲ್ ಆಕ್ಷನ್, ಅಂಗಡಿಯವರು ಡಿ.ಎ. ಎಂದು ಕರೆಯುವುದು. ಇಲ್ಲಿ ಪ್ಯಾಡನ್ನು ಮೋಟಾರಿನ ಅಚ್ಚಿಗೆ ನೇರ ಜೋಡಿಸದೆ, ಸ್ವಲ್ಪ ಪಕ್ಕಕ್ಕೆ ಸರಿದ ಬೇರಿಂಗಿನ ಮೇಲೆ ಕೂರಿಸಿರುತ್ತಾರೆ. ಒರಳಿನಲ್ಲಿ ಗುಂಡುಕಲ್ಲು ಸುತ್ತ ಓಡಾಡುತ್ತ ತಾನೂ ತಿರುಗುವಂತೆ, ಪ್ಯಾಡ್ ಸಣ್ಣ ವೃತ್ತದಲ್ಲಿ ಅಲುಗಾಡುತ್ತಲೇ ತನ್ನ ಸುತ್ತಲೂ ನಿಧಾನವಾಗಿ ತಿರುಗುತ್ತದೆ. ಈ ತಿರುಗುವಿಕೆ ಬಲವಂತದ್ದಲ್ಲ. ಅತಿಯಾಗಿ ಒತ್ತಿದರೆ, ಓರೆ ಹಿಡಿದರೆ, ಏಣಿನ ಮೇಲೆ ಸಿಕ್ಕಿಕೊಂಡರೆ ಪ್ಯಾಡ್ ತಿರುಗುವುದನ್ನು ನಿಲ್ಲಿಸಿ ಬರಿದೇ ಅದುರುತ್ತದೆ, ಕೊರೆತ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಿಪುಣರು ಇದನ್ನು ದೋಷವೆಂದು ದೂರುತ್ತಾರೆ. ಹೊಸಬರಿಗೆ ಇದೇ ರಕ್ಷಣೆ. ಕೈ ತಪ್ಪಿದಾಗ ಯಂತ್ರ ತಾನಾಗಿಯೇ ಸುಮ್ಮನಾಗುವುದು ಒಂದು ದೊಡ್ಡ ಗುಣವೇ ಸರಿ.

ಮೂರನೆಯದು ಬಲವಂತದ ತಿರುಗುವಿಕೆಯ ಡಿ.ಎ. ಅಲುಗಾಟವೂ ಉಂಟು, ಹಲ್ಲುಚಕ್ರದ ಮೂಲಕ ತಿರುಗಿಸುವುದರಿಂದ ಒತ್ತಿದರೂ ನಿಲ್ಲದು. ಜರ್ಮನಿಯ ಫ್ಲೆಕ್ಸ್ ಕಂಪನಿಯ ಯಂತ್ರ ಈ ಬಗೆಯಲ್ಲಿ ಹೆಸರುವಾಸಿ. ಕೆಲಸ ಚೆನ್ನ, ಆದರೆ ನಡುಕ ಹೆಚ್ಚು, ಶಾಖವೂ ಹೆಚ್ಚು, ಬೆಲೆಯಂತೂ ನಮ್ಮ ಸಣ್ಣ ಹಿಡುವಳಿದಾರರ ಅಗತ್ಯಕ್ಕೆ ಮೀರಿದ್ದು.

ಆದ್ದರಿಂದ ಮೊದಲ ಯಂತ್ರವಾಗಿ ಎರಡನೆಯ ಬಗೆಯನ್ನೇ, ಅಂದರೆ ಸ್ವತಂತ್ರವಾಗಿ ತಿರುಗುವ ಡಿ.ಎ.ಯನ್ನೇ ಕೊಳ್ಳತಕ್ಕದ್ದು ಎಂಬುದು ನನ್ನ ಖಚಿತ ಸಲಹೆ. ನಿಧಾನವಾದರೆ ಆಗಲಿ. ಒಂದು ದಿನದ ಬದಲು ಎರಡು ದಿನ ಹಿಡಿದರೆ ನಷ್ಟವೇನೂ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕತ್ತಿ, ಹಾರೆ ಮಸೆಯಲು, ಪೈಪು ಕತ್ತರಿಸಲು ನಮ್ಮಲ್ಲಿ ಅನೇಕರ ಶೆಡ್ಡಿನಲ್ಲಿ 4 ಇಂಚಿನ ಆಂಗಲ್ ಗ್ರೈಂಡರ್ ಇದ್ದೇ ಇದೆ. ಅದಕ್ಕೇ ಸಿಕ್ಕಿಸುವ ಉಣ್ಣೆಯ ಬಫ್ ಅಲ್ಪ ಬೆಲೆಗೆ ಸಿಗುವುದರಿಂದ, ಬೇರೆ ಯಂತ್ರ ಏಕೆ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಗ್ರೈಂಡರಿನ ವೇಗ ನಿಮಿಷಕ್ಕೆ ಸುಮಾರು 11,000 ಸುತ್ತು. 4 ಇಂಚಿನ ಬಫ್‌ನ ಅಂಚು ಆಗ ಸೆಕೆಂಡಿಗೆ 57 ಮೀಟರಿನಷ್ಟು, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಣ್ಣವನ್ನು ಉಜ್ಜುತ್ತದೆ. 7 ಇಂಚಿನ ಪ್ಯಾಡ್ ಹಾಕಿದ ರೋಟರಿಯನ್ನು 1200 ಸುತ್ತಿನಲ್ಲಿ ಓಡಿಸಿದಾಗ ಈ ವೇಗ ಸೆಕೆಂಡಿಗೆ 11 ಮೀಟರ್ ಮಾತ್ರ. ವೇಗ ತಗ್ಗಿಸುವ ಗುಬುಟು ಇರುವ ಗ್ರೈಂಡರುಗಳೂ ಸಾಮಾನ್ಯವಾಗಿ 2,800 ಸುತ್ತಿಗಿಂತ ಕೆಳಗೆ ಇಳಿಯವು. ಗ್ರೈಂಡರ್ ಕಬ್ಬಿಣಕ್ಕೆ ಹುಟ್ಟಿದ್ದು, ಅದನ್ನು ಕಬ್ಬಿಣಕ್ಕೇ ಬಿಡಿ. ಡ್ರಿಲ್ಲಿಗೆ ಸಿಕ್ಕಿಸುವ ಸ್ಪಂಜಿನ ಚಕ್ರವೂ ಇಡೀ ಕಾರಿಗೆ ತಕ್ಕುದಲ್ಲ. ಡ್ರಿಲ್ಲಿನ ಬೇರಿಂಗ್ ಪಕ್ಕದ ಒತ್ತಡಕ್ಕೆ ಮಾಡಿದ್ದಲ್ಲ. ಹಳದಿಗಟ್ಟಿದ ಹೆಡ್‌ಲೈಟಿನ ಗಾಜಿಗೆ, ಅಂದರೆ ಈಗಿನ ಪ್ಲಾಸ್ಟಿಕ್ ಮುಚ್ಚಳಕ್ಕೆ, ಅದು ಸಾಕು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಯಂತ್ರಗಳು ಮೇಣ ಹರಡಲು ಮಾತ್ರ. ಗೀರು ಅದಕ್ಕೆ ಜಗ್ಗುವುದಿಲ್ಲ.

ಡಿ.ಎ. ಕೊಳ್ಳುವಾಗ ನೋಡಬೇಕಾದದ್ದು ಅಲುಗಾಟದ ವಿಸ್ತಾರ. ಇದನ್ನು ಥ್ರೋ ಎನ್ನುತ್ತಾರೆ. 8, 12, 15, 21 ಮಿ.ಮೀ. ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಮಿ.ಮೀ. ಯಂತ್ರಗಳಿಂದ ಹೆಸರಾಯಿತು. ಥ್ರೋ ಹೆಚ್ಚಿದಷ್ಟೂ ಚಪ್ಪಟೆ ಜಾಗದಲ್ಲಿ ಕೆಲಸ ಬೇಗ, ಬಾಗಿದ ಜಾಗದಲ್ಲಿ ಪ್ಯಾಡ್ ನಿಲ್ಲುವುದೂ ಬೇಗ. ನಮ್ಮ ಸಣ್ಣ ಕಾರುಗಳಲ್ಲಿ ಚಪ್ಪಟೆ ಜಾಗವೇ ಅಪರೂಪವಾದುದರಿಂದ 8ರಿಂದ 15 ಮಿ.ಮೀ. ಒಳಗಿನದು ಸಾಕು, 21ಕ್ಕೆ ಹೆಚ್ಚು ಹಣ ಕೊಡುವ ಕಾರಣವಿಲ್ಲ. ಹಿಂಬದಿ ತಟ್ಟೆ 5 ಇಂಚಿನದಿರಲಿ. ಅದಕ್ಕೆ ಹೊಂದುವ ಐದೂವರೆ, 6 ಇಂಚಿನ ಪ್ಯಾಡುಗಳು ಎಲ್ಲೆಡೆ ಸಿಗುತ್ತವೆ.

ವ್ಯಾಟ್ ಲೆಕ್ಕವೊಂದನ್ನೇ ನಂಬಬಾರದು. 600ರಿಂದ 900 ವ್ಯಾಟಿನ ಒಳ್ಳೆಯ ಯಂತ್ರ, ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ ಬರೆದ ಅಗ್ಗದ ಯಂತ್ರಕ್ಕಿಂತ ಮೇಲು. ಒತ್ತಿದಾಗ ವೇಗ ಕುಸಿಯದಂತೆ ಕಾಯುವ ವ್ಯವಸ್ಥೆ ಇದೆಯೇ ಎಂದು ಕೇಳಿ. ತೋಟದ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ನಮ್ಮ ವೋಲ್ಟೇಜು ಏನಾಗುತ್ತದೆಂದು ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ತೂಕ 2ರಿಂದ 2.5 ಕಿಲೋ ಮೀರದಿರಲಿ. ಅಂಗಡಿಯಲ್ಲಿ ಐದು ನಿಮಿಷ ಹಿಡಿದಾಗ ಹಗುರವೆನಿಸಿದ್ದು ಬಾಗಿಲಿಗೆ ಅಡ್ಡಲಾಗಿ ಹಿಡಿದು ಎರಡು ಗಂಟೆ ದುಡಿದಾಗ ಹಾಗಿರುವುದಿಲ್ಲ, ಅದರಲ್ಲೂ ಐವತ್ತು ದಾಟಿದ ಭುಜಕ್ಕೆ. ಕಾರ್ಬನ್ ಬ್ರಷ್, ಬದಲಿ ತಟ್ಟೆ ಇವು ಹಾಸನದಲ್ಲೋ ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸಿಗದಿದ್ದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಬೇಡ.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಯಂತ್ರ ತರುವುದುಂಟು. ಅಲ್ಲಿಯದು 120 ವೋಲ್ಟು. ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಸಾಕಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬೇಕು, ಅದರ ತೂಕವೋ ಬೇರೆ. ದುಬೈ, ಕತಾರುಗಳಿಂದ ತಂದುದಕ್ಕೆ ಈ ತೊಂದರೆಯಿಲ್ಲ.

ವರ್ಷಕ್ಕೆ ಎರಡು ಮೂರು ದಿನ ಬಳಸುವ ಇಂಥ ಯಂತ್ರವನ್ನು ಮನೆಗೊಂದರಂತೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕೈದು ನೆರೆಮನೆಯವರು ಸೇರಿ ಒಂದು ಒಳ್ಳೆಯ ಯಂತ್ರ ತಂದರೆ ಅಗ್ಗದ ನಾಲ್ಕು ಯಂತ್ರಕ್ಕಿಂತ ಲಾಭ. ಪ್ಯಾಡುಗಳನ್ನು ಮಾತ್ರ ಪ್ರತಿಯೊಬ್ಬರೂ ಬೇರೆ ಇಟ್ಟುಕೊಳ್ಳಬೇಕು. ಒಬ್ಬರ ಜೀಪಿನ ಜಂಬಿಟ್ಟಿಗೆ ಮಣ್ಣಿನ ಕಣ ಇನ್ನೊಬ್ಬರ ಕಾರಿನ ಮೇಲೆ ಗೀರಾಗುತ್ತದೆ.

ಹಣ ಉಳಿದರೆ ಅದನ್ನು ಪ್ಯಾಡಿಗೂ ದ್ರವಕ್ಕೂ ಹಾಕಿ. ಉಣ್ಣೆಯ ಪ್ಯಾಡ್ ಹೆಚ್ಚು ಕೊರೆಯುತ್ತದೆ, ಗಟ್ಟಿ ಸ್ಪಂಜು ಅದಕ್ಕಿಂತ ಕಡಿಮೆ, ಮೃದು ಸ್ಪಂಜು ಹೊಳಪಿಗೆ. ಬಣ್ಣಬಣ್ಣದ ಸ್ಪಂಜುಗಳ ಗುರುತು ಕಂಪನಿಯಿಂದ ಕಂಪನಿಗೆ ಬೇರೆಯಾದುದರಿಂದ ಬಣ್ಣ ನೋಡಿ ಕೊಳ್ಳಬಾರದು. ಮಧ್ಯಮ, ಮೃದು ಎರಡು ಬಗೆಯಲ್ಲಿ ಮೂರು ಮೂರು ಪ್ಯಾಡು, ನವುರಾದ ಪಾಲಿಶ್ ಒಂದು ಬಾಟಲಿ ಆರಂಭಕ್ಕೆ ಸಾಕು. ಒರಟು ಕಾಂಪೌಂಡನ್ನು ಅಗತ್ಯ ಕಂಡ ಮೇಲೆ ಕೊಳ್ಳಬಹುದು.

ಕೆಲಸಕ್ಕೆ ಮೊದಲು ವಾಹನವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬೋರ್ಡೋ ಸಿಡಿದು ಒಣಗಿದ ಬಿಳಿ ನೀಲಿ ಚುಕ್ಕೆಗಳನ್ನು ಯಂತ್ರದಿಂದ ಉಜ್ಜಲು ಹೋಗಬಾರದು. ಅದರಲ್ಲಿನ ಸುಣ್ಣ ಗಟ್ಟಿಯಾಗಿರುತ್ತದೆ. ವಿನೆಗರಿಗೆ ಸಮಪಾಲು ನೀರು ಬೆರೆಸಿ ಬಟ್ಟೆ ಅದ್ದಿ ಕೆಲವು ನಿಮಿಷ ಇಟ್ಟರೆ ಕರಗುತ್ತದೆ, ಬಳಿಕ ಧಾರಾಳ ನೀರಿನಿಂದ ತೊಳೆಯಿರಿ. ಔಷಧಿ ಹೊಡೆದ ದಿನವೇ ತೊಳೆದುಬಿಟ್ಟರೆ ಈ ರಗಳೆಯೇ ಇಲ್ಲ. ಬಣ್ಣ ಎದ್ದುಹೋದ ಕಡೆ ಮೈಲುತುತ್ತ ತಗಡನ್ನೂ ತಿನ್ನುತ್ತದೆಂಬುದು ನೆನಪಿರಲಿ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳವಾದ ಗೀರು ಪಾಲಿಶಿಗೆ ಹೋಗದು, ಅದರ ಹಿಂದೆ ಬೀಳಬೇಡಿ.

ಹಳೆಯ ಜೀಪು, ಅಂಬಾಸಡರ್ ಇಟ್ಟುಕೊಂಡವರಿಗೆ ಒಂದು ಪರೀಕ್ಷೆ. ಕಾಣದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲವೆಂದು ತಿಳಿಯಬೇಕು. ಅಂಥ ಸುಣ್ಣಗಟ್ಟಿದ ಬಣ್ಣ ಮೃದು ಪ್ಯಾಡಿಗೇ ಬೆರಗಾಗುವಂತೆ ಹೊಳೆಯುತ್ತದೆ, ಹೆಚ್ಚು ಉಜ್ಜಿದರೆ ನೇರ ಪ್ರೈಮರ್ ಕಾಣುತ್ತದೆ.

ನೆರಳಿನಲ್ಲಿ, ತಗಡು ತಣ್ಣಗಿರುವಾಗ ಕೆಲಸ ಮಾಡಿ. ಕಾಫಿ ಒಣಗಿಸುವ ಕಣ ಬೇಡ. ಅಲ್ಲಿಯ ಹೊಟ್ಟಿನ ಧೂಳು ಪ್ಯಾಡಿಗೆ ಸೇರುತ್ತದೆ, ಪಾಲಿಶಿನ ವಾಸನೆಯನ್ನು ಕಾಫಿ ಹೀರಿಕೊಳ್ಳುತ್ತದೆ. ಅಂಚುಗಳಿಗೆ ಕಾಗದದ ಟೇಪು ಅಂಟಿಸಿ. ಮೊದಲು ಎರಡು ಅಡಿ ಚೌಕದಲ್ಲಿ ಮೃದು ಪ್ಯಾಡು, ನವುರು ಪಾಲಿಶಿನಿಂದ ಪ್ರಯೋಗಿಸಿ. ಅದರಲ್ಲೇ ಸರಿಯಾದರೆ ಮುಂದಕ್ಕೆ ಹೋಗುವ ಗೊಡವೆ ಬೇಡ. ಬಟಾಣಿ ಕಾಳಿನಷ್ಟು ನಾಲ್ಕು ಹನಿ, ಪ್ಯಾಡನ್ನು ಬಣ್ಣದ ಮೇಲೆ ಊರಿದ ನಂತರವೇ ಗುಂಡಿ ಒತ್ತಬೇಕು. ಕಡಿಮೆ ವೇಗದಲ್ಲಿ ಹರಡಿ, ಬಳಿಕ 4 ಅಥವಾ 5ರ ಗುರುತಿಗೆ ಏರಿಸಿ, ಸೆಕೆಂಡಿಗೆ ಒಂದು ಇಂಚಿನಂತೆ ನಿಧಾನವಾಗಿ ಉದ್ದಕ್ಕೂ ಅಡ್ಡಕ್ಕೂ ನಾಲ್ಕಾರು ಸಲ ಓಡಿಸಿ. ತಟ್ಟೆಯ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಪ್ಯಾಡ್ ತಿರುಗುತ್ತಿದೆಯೇ, ನಿಂತಿದೆಯೇ ಎಂದು ಕಣ್ಣಿಗೆ ಕಾಣುತ್ತದೆ. ಒರಸಿ, ಟಾರ್ಚ್ ಬಿಟ್ಟು ನೋಡಿ. ಕೊನೆಯಲ್ಲಿ ಮೇಣ ಹಚ್ಚಲು ಕೈಯೇ ಸಾಕು.

ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಇದನ್ನು ಮಾಡಕೂಡದು. ಈ ಯಂತ್ರಗಳಲ್ಲಿ ಹಲವಕ್ಕೆ ಎರಡೇ ಪಿನ್ನು, ಅರ್ತ್ ಇರುವುದಿಲ್ಲ. ಆದ್ದರಿಂದ ಮನೆಯ ಸಂಪರ್ಕದಲ್ಲಿ 30 ಮಿಲಿಆಂಪಿಯರಿನ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಇರಲೇಬೇಕು. ವಯರನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಿ, ಹೆಗಲ ಬೈರಾಸನ್ನು ತೆಗೆದಿಡಿ, ಪಂಚೆಯ ಚುಂಗನ್ನು ಸಿಕ್ಕಿಸಿಕೊಳ್ಳಿ.

ಕೆಲಸ ಮುಗಿದ ದಿನವೇ ಪ್ಯಾಡುಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಅಡಿಕೆಯಂತೆ ಬಿಸಿಲಿಗೆ ಹರವದೆ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು; ಬಿಸಿಲಿಗೆ ಸ್ಪಂಜಿನ ಹಿಂಬದಿಯ ಅಂಟು ಬಿಡುತ್ತದೆ. ಅರ್ಧ ಒಣಗಿದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ನಮ್ಮ ಹವೆಯಲ್ಲಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ.