ಚಾವಣಿ ಇದ್ದಷ್ಟು ಹಾಸಿಗೆ

ಕಾರಿನ ನೆತ್ತಿಯ ಮೇಲೆ ಕೂರಿಸುವ ಹಾರ್ಡ್‌ಶೆಲ್ ಟೆಂಟಿಗೆ ಅಮೆರಿಕದಲ್ಲಿ ಸುಮಾರು ಎರಡು ಸಾವಿರ ಡಾಲರಿನಿಂದ ಐದು ಸಾವಿರದವರೆಗೂ ಬೆಲೆಯಿದೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಈ ಬೆಲೆಯನ್ನು, ಆಮೇಲೆ ಒಳಗೆ ಎಷ್ಟು ಜನ ಮಲಗಬಹುದು ಎನ್ನುವುದನ್ನು. ಕಾರಿನ ಚಾವಣಿ ಎಷ್ಟು ಭಾರ ಹೊರುತ್ತದೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ನನ್ನ ಪ್ರಕಾರ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಚಾವಣಿಯ ಲೆಕ್ಕ ಮೊದಲು ಆಗದಿದ್ದರೆ, ಮೂರು ಸಾವಿರದ ಟೆಂಟು ನಿಮ್ಮಿಂದ ಮೂವತ್ತು ಸಾವಿರದ ಹೊಸ ಕಾರನ್ನೂ ಕೊಳ್ಳಿಸಬಲ್ಲದು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮನೆಯಲ್ಲಿ ಮೂವರು: ನಾನು, ನಮ್ಮ ಮನೆಯವರು, ಶಾಲೆಗೆ ಹೋಗುವ ಮಗಳು. ಕಾರು ಸುಬಾರು ಫಾರೆಸ್ಟರ್. ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟರೆ ಸಿಯೆರಾ ನೆವಾಡಾ ಬೆಟ್ಟಗಳ ಆಚೆ ಮಗ್ಗುಲಿಗೆ ತಲುಪುವಾಗ ನಡುರಾತ್ರಿ. ಆ ಹೊತ್ತಿನಲ್ಲಿ, ಆ ಗಾಳಿಯಲ್ಲಿ, ಟಾರ್ಚು ಹಿಡಿದು ನೆಲದ ಮೇಲೆ ಗೂಟ ಹೊಡೆದು ಟೆಂಟು ಕಟ್ಟುವುದು ಕಷ್ಟ. ಹಾರ್ಡ್‌ಶೆಲ್‌ನಲ್ಲಿ ಎರಡು ಚಿಲಕ ಬಿಚ್ಚಿದರೆ ಗ್ಯಾಸ್ ತುಂಬಿದ ದಂಡಗಳು ಮುಚ್ಚಳವನ್ನು ತಾವೇ ಎತ್ತುತ್ತವೆ. ಹಾಸಿಗೆ ಒಳಗೇ ಇರುತ್ತದೆ. ಏಣಿ ಇಳಿಸಿದರೆ ಮುಗಿಯಿತು. ನಾವು ದುಡ್ಡು ಕೊಟ್ಟದ್ದು ಈ ಸೌಕರ್ಯಕ್ಕೆ, ಮತ್ತು ಇದಕ್ಕೆ ಮಾತ್ರ.

ಹೀಗೆ ಒತ್ತಿ ಹೇಳಲು ಕಾರಣವಿದೆ. ಮಾರುವವರು ಟೆಂಟಿನ ಬೆಲೆಯನ್ನು ಹೋಟೆಲ್ ಬಾಡಿಗೆಯ ಜೊತೆ ಹೋಲಿಸುತ್ತಾರೆ. ರಾತ್ರಿಗೆ ನೂರೈವತ್ತು ಡಾಲರ್ ಉಳಿತಾಯ, ಇಷ್ಟು ರಾತ್ರಿಗೆ ಅಸಲು ವಾಪಸ್ ಎಂಬ ಲೆಕ್ಕ ಒಪ್ಪಿಸುತ್ತಾರೆ. ಇದು ತಪ್ಪು ತಕ್ಕಡಿ. ಯೊಸೆಮಿಟಿ ಕಣಿವೆಯ ಕ್ಯಾಂಪ್ ತಾಣಕ್ಕೆ ರಾತ್ರಿಗೆ 36 ಡಾಲರ್. ಚಾವಣಿಯ ಮೇಲೆ ಮಲಗಿದರೂ ಅಷ್ಟೇ, ನೆಲದ ಟೆಂಟಿನಲ್ಲಿ ಮಲಗಿದರೂ ಅಷ್ಟೇ. ರಾಷ್ಟ್ರೀಯ ಅರಣ್ಯಗಳ ಮತ್ತು ಭೂ ನಿರ್ವಹಣಾ ಇಲಾಖೆಯ ಜಮೀನಿನಲ್ಲಿ ಎಷ್ಟೋ ಕಡೆ ಪುಕ್ಕಟೆಯಾಗಿ ತಂಗಬಹುದು, ಒಂದೇ ಜಾಗದಲ್ಲಿ ಸಾಮಾನ್ಯವಾಗಿ 14 ದಿನದ ಮಿತಿ. ಆ ಸವಲತ್ತು ಕೂಡ ಎರಡೂ ಬಗೆಯ ಟೆಂಟಿಗೆ ಸಮಾನ. ಹೋಟೆಲ್ ಬಾಡಿಗೆ ಉಳಿಸಲು ಮುನ್ನೂರು ಡಾಲರಿನ ಒಳ್ಳೆಯ ನೆಲದ ಟೆಂಟು ಸಾಕು. ಮಿಕ್ಕ ಹಣ ಸೌಕರ್ಯದ ಬೆಲೆ. ಆ ಸೌಕರ್ಯ ನಿಮಗೆ ಅಷ್ಟು ಬಾಳುತ್ತದೆಯೇ ಎಂದು ಕೇಳಿಕೊಂಡು, ಹೌದು ಅನ್ನಿಸಿದರೆ ಮುಂದಕ್ಕೆ ಹೋಗಿ.

ಮುಂದಿನ ಹೆಜ್ಜೆ ಕಾರಿನ ಕೈಪಿಡಿ. ನಮ್ಮ ಫಾರೆಸ್ಟರ್‌ನ ಕೈಪಿಡಿಯಲ್ಲಿ ಚಾವಣಿಯ ಮಿತಿ 176 ಪೌಂಡ್, ಅಂದರೆ 80 ಕಿಲೋ. ಕಾರು ಓಡುತ್ತಿರುವಾಗ ಚಾವಣಿ ಹೊರಬಹುದಾದ ಗರಿಷ್ಠ ಭಾರ ಇದು. ಅಡ್ಡ ಕಂಬಿಗಳ, ಅಂದರೆ ಕ್ರಾಸ್‌ಬಾರ್‌ಗಳ ತೂಕವೂ ಇದರಲ್ಲೇ ಸೇರಿದೆ. ನಮ್ಮ ಕಂಬಿಗಳು ಸುಮಾರು 8 ಕಿಲೋ. ಟೆಂಟಿಗೆ ಉಳಿದದ್ದು 72. ಕಂಬಿ ತಯಾರಿಸಿದವರದೂ ಒಂದು ಮಿತಿ ಇರುತ್ತದೆ, ಬಹಳಷ್ಟು ಕಂಬಿಗಳಿಗೆ ಅದು 75 ಕಿಲೋ. ಕಾರಿನ ಮಿತಿ, ಕಂಬಿಯ ಮಿತಿ, ಕಂಬಿ ಹಿಡಿದಿರುವ ರೈಲಿನ ಮಿತಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ದುಬಾರಿ ಕಂಬಿ ತಂದು ಹಾಕಿದರೆ ಚಾವಣಿಯ ಬಲ ಹೆಚ್ಚುವುದಿಲ್ಲ.

ಹಾರ್ಡ್‌ಶೆಲ್ ಟೆಂಟುಗಳು ಸಾಮಾನ್ಯವಾಗಿ 50ರಿಂದ 90 ಕಿಲೋ ತೂಗುತ್ತವೆ. ಅಂದರೆ ಮಾರುಕಟ್ಟೆಯಲ್ಲಿರುವ ದೊಡ್ಡ ಟೆಂಟುಗಳಿಗೆ ನಮ್ಮ ಕಾರು ಆಗುವುದೇ ಇಲ್ಲ. ಅಂಗಡಿಯೊಂದರಲ್ಲಿ ನಮಗೆ ನಾಲ್ಕು ಜನ ಮಲಗುವ, 80 ಕಿಲೋ ದಾಟುವ ಟೆಂಟನ್ನು ತೋರಿಸಿ, ಇದು ಎಲ್ಲ ಎಸ್‌ಯುವಿಗೂ ಹೊಂದುತ್ತದೆ ಎಂದರು. ಕೈಪಿಡಿಯ ಪುಟ ತೋರಿಸಿದಾಗ, ಆ ಸಂಖ್ಯೆಯಲ್ಲಿ ಕಂಪನಿಗಳು ಸಾಕಷ್ಟು ಅಂಚು ಬಿಟ್ಟಿರುತ್ತವೆ, ಚಿಂತೆ ಬೇಡ ಎಂಬ ಉತ್ತರ ಬಂತು. ಆ ಅಂಚು ಇರುವುದು ತುರ್ತಾಗಿ ಬ್ರೇಕ್ ಹಾಕಿದಾಗ, ಘಾಟಿಯ ತಿರುವಿನಲ್ಲಿ ಕಾರು ವಾಲಿದಾಗ ಜೀವ ಉಳಿಸಲಿಕ್ಕೆ. ಅದನ್ನು ಮಾರಾಟಗಾರರು ನಮಗೆ ಮಾರುವ ಹಾಗಿಲ್ಲ. ಎತ್ತರದಲ್ಲಿ ಭಾರವಿದ್ದರೆ ಕಾರು ಪಲ್ಟಿಯಾಗುವ ಅಪಾಯ ಹೆಚ್ಚುತ್ತದೆ, ಮತ್ತು ಆ ಕಾರಿನಲ್ಲಿ ಮಗಳು ಕೂತಿರುತ್ತಾಳೆ.

ಚಾವಣಿ 80 ಕಿಲೋ ಮಾತ್ರ ತಾಳುವುದಾದರೆ ಅದರ ಮೇಲೆ ಇಬ್ಬರು ಮಲಗುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಿಂತ ಕಾರಿನ ಲೆಕ್ಕ ಬೇರೆ. ಆಗ ತೂಕ ನೆಟ್ಟಗೆ ಕೆಳಕ್ಕೆ, ಕಂಬಗಳ ಮೂಲಕ ನಾಲ್ಕು ಚಕ್ರಗಳಿಗೆ ಇಳಿಯುತ್ತದೆ. ಎಳೆತ, ಜಗ್ಗಾಟ ಇರುವುದಿಲ್ಲ. ಫಾರೆಸ್ಟರ್‌ನ ವೈಲ್ಡರ್‌ನೆಸ್ ಮಾದರಿಗೆ ಓಡುವಾಗ 220 ಪೌಂಡ್, ನಿಂತಾಗ 800 ಪೌಂಡ್ ಎಂದು ಕಂಪನಿಯೇ ಹೇಳಿದೆ. ಎರಡರ ನಡುವಿನ ಅಂತರ ನೋಡಿ. ನಮ್ಮ ಲೆಕ್ಕದಲ್ಲಿ ಟೆಂಟು, ಕಂಬಿ, ಹೊದಿಕೆ, ಇಬ್ಬರು ದೊಡ್ಡವರು ಸೇರಿ 205 ಕಿಲೋದಷ್ಟಾಯಿತು. ನಿಂತ ಕಾರಿನ ಮಿತಿ ಎಷ್ಟೋ ಕೈಪಿಡಿಗಳಲ್ಲಿ ಇರುವುದಿಲ್ಲ. ಹಾಗಿದ್ದರೆ ತಯಾರಕರ ಗ್ರಾಹಕ ಸೇವೆಗೆ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಓಡುವ ಮಿತಿಯ ಮೂರು ಪಟ್ಟೋ ಐದು ಪಟ್ಟೋ ಎಂಬ ಬಾಯಿಮಾತಿನ ಸೂತ್ರವನ್ನು ನಂಬಿ ಮಲಗಬೇಡಿ.

ತೂಕ ಮುಗಿದ ಮೇಲೆ ಅಳತೆ. ಟೇಪು ಹಿಡಿದು ಕಾರಿನ ಬಳಿ ನಿಲ್ಲಲೇಬೇಕು. ಒಂದು ಕಡೆ ಮಾತ್ರ ತೆರೆದುಕೊಳ್ಳುವ ಬೆಣೆಯಾಕಾರದ ಟೆಂಟು ಮುಚ್ಚಿದಾಗಲೂ ಏಳು ಅಡಿ ಉದ್ದ ಇರುತ್ತದೆ, ಏಕೆಂದರೆ ಒಳಗಿನ ಹಾಸಿಗೆ ಮಡಚುವುದಿಲ್ಲ. ನೆಟ್ಟಗೆ ಮೇಲೇಳುವ ಪೆಟ್ಟಿಗೆಯಂಥದ್ದೂ ಹಾಗೆಯೇ. ಇಟಲಿಯಲ್ಲಿ 1958ರಲ್ಲಿ ಹುಟ್ಟಿದ ಮ್ಯಾಜಿಯೊಲಿನಾ ಈ ಎರಡನೆಯ ಜಾತಿಯದು. ಪುಸ್ತಕದಂತೆ ಬಿಚ್ಚಿಕೊಂಡು ಕಾರಿನಾಚೆಗೂ ಚಾಚುವ ಮೂರನೆಯ ಬಗೆ ಚಿಕ್ಕ ಚಾವಣಿಗೂ ಹೊಂದುತ್ತದೆ, ಆದರೆ ಮುಚ್ಚಿದಾಗ ದಪ್ಪ, ತೂಕವೂ ಹೆಚ್ಚು. ಉದ್ದದ ಟೆಂಟು ಹಿಂದಕ್ಕೆ ಚಾಚಿಕೊಂಡಿದ್ದರೆ ಡಿಕ್ಕಿಯ ಬಾಗಿಲು ಮೇಲೆತ್ತಿದಾಗ ಅದಕ್ಕೆ ತಾಗುತ್ತದೆ. ಡಿಕ್ಕಿ ಪೂರ್ತಿ ತೆರೆಯದಿದ್ದರೆ ಒಲೆ, ನೀರು, ಪಾತ್ರೆ ತೆಗೆಯುವುದು ದಿನಕ್ಕೆ ಹತ್ತು ಸಲದ ಗೋಳು. ನಾವು ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಟೆಂಟಿನ ಅಳತೆಗೆ ಕತ್ತರಿಸಿ, ಕಂಬಿಗಳ ಮೇಲಿಟ್ಟು, ಬಾಗಿಲು ತೆರೆದು ಮುಚ್ಚಿ ನೋಡಿದೆವು. ಖರ್ಚಿಲ್ಲದ ಈ ಪರೀಕ್ಷೆ ಯಾವ ಕ್ಯಾಟಲಾಗಿಗಿಂತಲೂ ಚೆನ್ನಾಗಿ ಉತ್ತರ ಕೊಡುತ್ತದೆ.

ಎತ್ತರದ ಲೆಕ್ಕ ಗ್ಯಾರೇಜಿಗೆ ಸಂಬಂಧಿಸಿದ್ದು. ಇಲ್ಲಿನ ಮನೆಗಳ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ ಏಳು ಅಡಿ, ಅಂದರೆ 84 ಇಂಚು. ನಮ್ಮ ಕಾರು 68 ಇಂಚು, ಕಂಬಿಗೆ ಮೂರು ಸೇರಿಸಿ. 8 ಇಂಚು ದಪ್ಪದ ಟೆಂಟಾದರೆ 79ಕ್ಕೆ ನಿಲ್ಲುತ್ತದೆ, ಕಾರು ಒಳಗೆ ಹೋಗುತ್ತದೆ. 13 ಇಂಚಿನದಾದರೆ 84, ಬಾಗಿಲಿಗೆ ಉಜ್ಜುತ್ತದೆ. ಕಚೇರಿಯ ನೆಲಮಾಳಿಗೆ ಪಾರ್ಕಿಂಗಿನ ಫಲಕವನ್ನೂ ಓದಿಕೊಳ್ಳಿ. ಒಳಗೆ ಹೋಗದ ಕಾರಿಗೆ ಬೀದಿಯಲ್ಲಿ ದಿನದ ಬಾಡಿಗೆ ಕೊಟ್ಟು ನಿಲ್ಲಿಸುವುದೂ ಟೆಂಟಿನ ಖರ್ಚೇ.

ಪೆಟ್ರೋಲನ್ನು ಮರೆಯಬಾರದು. ಅಮೆರಿಕ ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ಚಾವಣಿಯ ಮೇಲಿನ ದೊಡ್ಡ ಪೆಟ್ಟಿಗೆಯೊಂದು ಮೈಲೇಜನ್ನು ನಗರದಲ್ಲಿ ಶೇ. 2ರಿಂದ 8ರಷ್ಟು, ಹೆದ್ದಾರಿಯಲ್ಲಿ ಶೇ. 6ರಿಂದ 17ರಷ್ಟು, ಇನ್ನೂ ವೇಗದ ಅಂತರರಾಜ್ಯ ಹೆದ್ದಾರಿಯಲ್ಲಿ ಶೇ. 10ರಿಂದ 25ರಷ್ಟು ತಗ್ಗಿಸಬಹುದು. ಟೆಂಟೂ ಗಾಳಿಗೆ ಅಂಥದ್ದೇ ಅಡ್ಡಿ. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್ನಿಗೆ 28 ಮೈಲಿ ಕೊಡುವ ಕಾರಿಗೆ, ಗ್ಯಾಲನ್ನಿಗೆ ನಾಲ್ಕೂವರೆ ಡಾಲರಿನಂತೆ, ಮೈಲೇಜು ಶೇ. 10ರಷ್ಟು ಇಳಿದರೆ ವರ್ಷಕ್ಕೆ ಇನ್ನೂರು ಡಾಲರಿಗೂ ಹೆಚ್ಚು ಹೋಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ನಾವು ಟೆಂಟನ್ನು ಇಳಿಸಿಬಿಡುತ್ತೇವೆ. ಗ್ಯಾರೇಜಿನ ತೊಲೆಗೆ ರಾಟೆ ಹಾಕಿಸಿದ್ದಕ್ಕೆ ಇನ್ನೂರು ಡಾಲರ್ ಆಯಿತು, ಅದು ಕೆಲವು ಚಳಿಗಾಲಗಳಲ್ಲಿ ತೀರುತ್ತದೆ.

ಕೊನೆಗೆ ನಾವು ಕೊಂಡದ್ದು 59 ಕಿಲೋ ತೂಕದ, 8 ಇಂಚು ದಪ್ಪದ, ಅಲ್ಯೂಮಿನಿಯಂ ಕವಚದ ಬೆಣೆಯಾಕಾರದ ಟೆಂಟು. ಬೆಲೆ 2,700 ಡಾಲರ್. ಕಂಬಿ 450, ಲಾರಿ ಸಾಗಣೆ 300, ಮಾರಾಟ ತೆರಿಗೆ, ಆ ರಾಟೆ ಎಲ್ಲ ಸೇರಿ ನಾಲ್ಕು ಸಾವಿರ ಮುಟ್ಟಿತು. ಬೆಲೆಚೀಟಿಯ ಮೇಲೆ ಇನ್ನರ್ಧ ಸೇರಿಸಿ ಬಜೆಟ್ ಮಾಡಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದಕ್ಕೇ. ಒಳಗಿನ ಅಗಲ ನಾಲ್ಕಡಿ, ಆರಾಮವಾಗಿ ಮಲಗುವುದು ಇಬ್ಬರೇ. ಮೂರನೆಯವರಿಗೆ ಕಾರಿನ ಹಿಂದಿನ ಸೀಟು ಮಡಚಿದ ಜಾಗ. ಮಗಳು ಬೆಳೆದು ತನಗೇ ಬೇರೆ ಜಾಗ ಬೇಕು ಅಂದಾಗ ನೂರೈವತ್ತು ಡಾಲರಿಗೆ ಒಂದು ಪುಟ್ಟ ನೆಲದ ಟೆಂಟು ಬರುತ್ತದೆ. ನಾಲ್ಕು ಜನರ ಟೆಂಟಿಗೆ ಹೋಗಿದ್ದರೆ ಬೆಲೆ ನಾಲ್ಕೂವರೆ ಸಾವಿರ, ಜೊತೆಗೆ ಅದನ್ನು ಹೊರುವ ಬೇರೆ ಕಾರು.

ಊರಿನ ಕಡೆಯ ಸ್ನೇಹಿತರೊಬ್ಬರು ಆ ದಾರಿಯಲ್ಲೇ ಇದ್ದರು. ಅವರದು ಸೆಡಾನ್ ಕಾರು. "ಅಕ್ಕಾ, ಟೆಂಟು ಇಷ್ಟ ಆಗಿಬಿಟ್ಟಿದೆ, ಕಾರೇ ಬದಲಾಯಿಸಿಬಿಡ್ತೀನಿ, ಹೇಗೂ ಸಾಲ ತೀರ್ತು" ಅಂದರು. ಸಾಲ ತೀರಿದ ಕಾರಿಗಿಂತ ಒಳ್ಳೆಯ ಆಸ್ತಿ ಮಧ್ಯಮ ವರ್ಗದ ಮನೆಯಲ್ಲಿ ಇಲ್ಲ ಎಂದು ನಂಬಿದವಳು ನಾನು. ಮೊದಲು ಟೆಂಟು ಸಮೇತ ಕಾರನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತೆಗೆದುಕೊಂಡು ಹೋಗಿ ಬನ್ನಿ ಅಂದೆ. ಹೋಗಿ ಬಂದರು. ರಾತ್ರಿ ಏಣಿ ಇಳಿದು ಹತ್ತುವುದು ಅವರ ಅಮ್ಮನಿಗೆ ಆಗಲಿಲ್ಲವಂತೆ. ಈಗ ಅವರ ಬಳಿ ದೊಡ್ಡ ನೆಲದ ಟೆಂಟು ಇದೆ, ಹಳೆಯ ಕಾರೂ ಇದೆ.

ಬೆಂಗಳೂರಿನಲ್ಲಿರುವ ತಮ್ಮನೂ ಕೇಳಿದ, ಅವನ ಕಣ್ಣು ಜಿಮ್ನಿ ಕಾರಿನ ಮೇಲೆ. ಗುರುಗ್ರಾಮದಲ್ಲಿ ತಯಾರಾಗುವ ಐದು ಬಾಗಿಲಿನ ಜಿಮ್ನಿ ಆಸ್ಟ್ರೇಲಿಯಕ್ಕೂ ರಫ್ತಾಗುತ್ತದೆ, ಅಲ್ಲಿ ಜಿಮ್ನಿಯ ಚಾವಣಿಗೆ ಕೊಟ್ಟಿರುವ ಮಿತಿ ಬರೀ 30 ಕಿಲೋ. ಹಾರ್ಡ್‌ಶೆಲ್‌ನ ಮಾತೇ ಬೇಡ. ಇನ್ನೊಂದು ವಿಷಯವೂ ಇದೆ. ಇಲ್ಲಿ ಈ ಟೆಂಟಿನ ಸೌಕರ್ಯ ಉಪಯೋಗಕ್ಕೆ ಬರುವುದೇ ಸರ್ಕಾರಿ ಜಮೀನಿನಲ್ಲಿ ಎಷ್ಟೋ ಕಡೆ ತಂಗಲು ಬಿಡುವುದರಿಂದ. ನಮ್ಮ ಮಲೆನಾಡಿನ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ, ಉಳಿಯಲೂಬಾರದು. ಅಲ್ಲಿ ಬಿಸಿ ಊಟ ಬಡಿಸುವ ಹೋಂಸ್ಟೇಗಳಿರುವಾಗ ಅವನು ಆ ಹಣವನ್ನು ಬೇರೆ ಕಡೆ ಹಾಕುವುದೇ ಸರಿ.

ಕೊಳ್ಳಲೇಬೇಕು ಎಂದು ತೀರ್ಮಾನಿಸಿದವರು ಬಳಸಿದ ಟೆಂಟುಗಳನ್ನು ಮಳೆಗಾಲ, ಚಳಿಗಾಲದಲ್ಲಿ ಹುಡುಕಿ, ಆಗ ಕೊಳ್ಳುವವರು ಕಡಿಮೆ. ಅಂಚಿನ ರಬ್ಬರ್, ಗ್ಯಾಸ್ ದಂಡ, ಹಾಸಿಗೆಯಡಿಯ ಬೂಷ್ಟು ನೋಡಿಕೊಳ್ಳಿ. ಕಂತಿನಲ್ಲಿ ಕೊಳ್ಳಬೇಡಿ. ಹೊರಡುವ ಮೊದಲು ಕೈಪಿಡಿಯ ಆ ಪುಟವನ್ನೂ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಒಟ್ಟು ಭಾರದ ಚೀಟಿಯನ್ನೂ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಟೆಂಟಿನ ತೂಕ ಕೇಳುವಾಗ ಏಣಿ, ಹಾಸಿಗೆ, ಜೋಡಿಸುವ ಪಟ್ಟಿ ಎಲ್ಲ ಸೇರಿ ಎಷ್ಟು ಎಂದು ಕೇಳಿ. ಆ ಎರಡು ಫೋಟೊಗಳನ್ನು ನೋಡದೆಯೇ ನಿಮ್ಮ ಕಾರಿಗೆ ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಕೊಳ್ಳಬೇಡಿ.