ಭಾರವಾದ ಯಂತ್ರಗಳನ್ನು ಹೆದ್ದಾರಿಯಲ್ಲಿ ಸಾಗಿಸುವ ಕ್ರಮ

ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳು ಪೂರ್ವದಲ್ಲಿ ಮೈಸೂರು ಸೈನ್ಯದ ಫಿರಂಗಿಗಳನ್ನು ಎಳೆಯುತ್ತಿದ್ದವು. ಈಗ ಕಡೂರು, ತರೀಕೆರೆಗಳ ಹೆದ್ದಾರಿಯಲ್ಲಿ ಒಕ್ಕಣೆಯ ಯಂತ್ರಾದಿಗಳು ಟ್ರಾಕ್ಟರಿನ ಟ್ರೇಲರಿನ ಮೇಲೆ ಸಾಗುತ್ತವೆ. ಭಾರವನ್ನು ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ವೇಗವು 2 ಪಟ್ಟಾದರೆ, ಬ್ರೇಕು ಹಾಕಿದ ಮೇಲೆ ಬಂಡಿಯು ಓಡುವ ದೂರವು ಸುಮಾರು 4 ಪಟ್ಟಾಗುವುದು. ಆದುದರಿಂದ ನಿಧಾನವೇ ಕ್ಷೇಮಕರವು.

1. ಎರಡು ಚಕ್ರದ ಟ್ರೇಲರಿನಲ್ಲಿ ಭಾರವು ಅಚ್ಚಿಗಿಂತ ತುಸು ಮುಂದಿರತಕ್ಕದ್ದು. ಹಿಂದಾದರೆ ಕೊಂಡಿಯು ಮೇಲೆದ್ದು, ಟ್ರಾಕ್ಟರಿನ ಹಿಂದಿನ ಚಕ್ರಗಳು ಹಿಡಿತ ತಪ್ಪುವುವು.

2. ಯಂತ್ರವನ್ನು ನಾಲ್ಕು ಮೂಲೆಗಳಲ್ಲಿಯೂ ಸರಪಣಿಯಿಂದ ಬಿಗಿದು, ಸ್ವಲ್ಪ ದೂರ ಸಾಗಿದ ಮೇಲೆ ಪುನಃ ಪರೀಕ್ಷಿಸತಕ್ಕದ್ದು.

3. ಟ್ರಾಕ್ಟರಿನ ಎಡಬಲ ಬ್ರೇಕಿನ ಪೆಡಲುಗಳನ್ನು ಜೋಡಿಸಿಯೇ ರಸ್ತೆಗಿಳಿಯತಕ್ಕದ್ದು. ಒಂದೇ ಬ್ರೇಕು ಹಿಡಿದರೆ ಬಂಡಿಯು ಮಗುಚೀತು.

4. ಇಳಿಜಾರಿಗೆ ಮೊದಲೇ ಕೆಳಗಿನ ಗೇರು ಹಾಕತಕ್ಕದ್ದು. ಗೇರು ಬಿಟ್ಟು ಇಳಿಸಕೂಡದು.

5. ಹಿಂಬದಿಯಲ್ಲಿ ಕೆಂಪು ದೀಪವೂ ಪ್ರತಿಫಲಕವೂ ಇರಬೇಕು. ಹೇರಿನ ಮೇಲೆ ಆಳುಗಳನ್ನು ಕೂರಿಸಕೂಡದು.

ಇವುಗಳನ್ನು ಚಾಲಕರಿಗೆ ತಿಳಿಯಹೇಳಿ ನಡೆಸುವುದು ಗ್ರಾಮಮುಖ್ಯಸ್ಥರ ಮತ್ತು ಭೂಮಾಲೀಕರ ಕರ್ತವ್ಯವಾಗಿದೆ.