ಏಳು ಕಲ್ಲು, ಒಂದು ಚೆಂಡು



ನೀವು ಚಿಕ್ಕವರಿದ್ದಾಗ ಲಗೋರಿ ಆಡಿದ್ದೀರಾ? ಆಡೇ ಇರ್ತೀರಿ. ಇವತ್ತಿನ ಪಾಠ ಅದೇ.

ಈ ಪಾಠ ಹುಟ್ಟಿದ್ದು ಹೀಗೆ. ನಮ್ಮೂರ ಶಾಲೆಯ ಜಗಲಿಯಲ್ಲಿ ರಾತ್ರಿ ಏಳೂವರೆಗೆ ಕಲಿಕಾ ಕೇಂದ್ರ ನಡೆಯುತ್ತಿತ್ತು. ಮುದ್ದೆ ಮಾಡಿಟ್ಟು, ದನಕ್ಕೆ ಹುಲ್ಲು ಹಾಕಿ, ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಅವತ್ತು 'ಲ' ಅಕ್ಷರದ ಪಾಠ. ನಾನು ಹಲಗೆಯ ಮೇಲೆ ಮೂರು ಪದ ಬರೆದೆ. ಲಂಗ. ಲವಂಗ. ಲಗೋರಿ.

ಮೊದಲಿನ ಎರಡನ್ನು ಎಲ್ಲರೂ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಮೂರನೆಯದನ್ನು ಯಾರೂ ಕೂಡಿಸಲಿಲ್ಲ. 'ಲ' ಆಯಿತು, 'ಗೋ' ಆಯಿತು, ಅಷ್ಟರಲ್ಲೇ "ಲಗೋರಿ!" ಅಂತ ಕೂಗಿಬಿಟ್ಟರು. ಮಲಗಿದ್ದ ನಾಯಿ ಎದ್ದು ಓಡಿತು.

"ಹೆಂಗಾಡೋದು ಹೇಳಿ ನೋಡೋಣ" ಅಂದೆ. ಅಷ್ಟೇ, ಜಗಳ ಶುರುವಾಯಿತು.

"ಏಳು ಕಲ್ಲು ಟೀಚರಮ್ಮ."

"ನಮ್ಮ ತವರಲ್ಲಿ ಒಂಬತ್ತು ಇಡ್ತಿದ್ವಿ."

"ಒಂಬತ್ತಂತೆ! ಅದ್ಯಾವ ಲಗೋರಿ?"

ಒಬ್ಬೊಬ್ಬರೂ ಒಂದೊಂದು ಊರಿಂದ ಮದುವೆಯಾಗಿ ಬಂದವರು. ತವರಿನ ನಿಯಮವನ್ನು ಯಾರೂ ಬಿಟ್ಟುಕೊಡಲಿಲ್ಲ. ಕೊನೆಗೆ ಹೆಚ್ಚು ಜನ ಒಪ್ಪಿದ್ದನ್ನು ನಾನು ಹಲಗೆಯ ಮೇಲೆ ಬರೆದೆ. ಅದನ್ನೇ ಇಲ್ಲಿ ಕೊಟ್ಟಿದೆ. ನಿಮ್ಮ ಊರಲ್ಲಿ ಬೇರೆ ಥರ ಇದ್ದರೆ ಅದೂ ಸರಿಯೇ.

ಸಾಮಾನು

ಏಳು ಚಪ್ಪಟೆ ಕಲ್ಲು ಬೇಕು. ಒಡೆದ ಹೆಂಚಿನ ಚೂರೂ ಆಗುತ್ತದೆ. ಅಂಗೈ ಅಗಲದ ದೊಡ್ಡ ಕಲ್ಲು ಕೆಳಗೆ. ಅದರ ಮೇಲೆ ಅದಕ್ಕಿಂತ ಚಿಕ್ಕದು. ಹೀಗೆ ಒಂದರ ಮೇಲೊಂದು ಇಡಬೇಕು. ಎಲ್ಲಕ್ಕಿಂತ ಚಿಕ್ಕದು ಮೇಲೆ. ಗುಂಡು ಕಲ್ಲು ತಂದರೆ ನಿಲ್ಲುವುದಿಲ್ಲ.

ಇನ್ನು ಚೆಂಡು. ಅಂಗಡಿಯ ರಬ್ಬರ್ ಚೆಂಡು ಇದ್ದರೆ ಸರಿ. ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದು. ಹಳೇ ಸೀರೆಯ ಚಿಂದಿಯನ್ನು ಬಿಗಿಯಾಗಿ ಉಂಡೆ ಸುತ್ತಿ. ಅದರ ಮೇಲೆ ದಾರ ಸುತ್ತಿ. ಹಳೇ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ. ಆ ಬಳೆಗಳನ್ನು ಎಳೆದೆಳೆದು ಉಂಡೆಗೆ ತೊಡಿಸಿ. ಅಡ್ಡ ಒಂದು, ಉದ್ದ ಒಂದು. ಬಟ್ಟೆ ಕಾಣದಂತೆ ಮುಚ್ಚಿದರೆ ಚೆಂಡು ಚೆನ್ನಾಗಿ ಪುಟಿಯುತ್ತದೆ. ಆದರೆ ಕ್ರಿಕೆಟ್ಟಿನ ಗಟ್ಟಿ ಚೆಂಡು ಬೇಡ. ಈ ಆಟದಲ್ಲಿ ಚೆಂಡು ಮೈಗೆ ಬೀಳುತ್ತದೆ. ಮೂಳೆಗೆ ಏಟಾದೀತು.

ಆಡುವುದು

ಎರಡು ಗುಂಪು ಮಾಡಿಕೊಳ್ಳಿ. ಐದೈದು ಜನ ಇರಲಿ, ಆರಾರು ಜನ ಇರಲಿ, ಎರಡೂ ಕಡೆ ಸಮ ಇರಬೇಕು. ಮೊದಲು ಯಾರು ಎಸೆಯಬೇಕು? ಒಂದು ಹೆಂಚಿನ ಚೂರು ತಗೊಂಡು ಒಂದು ಮಗ್ಗುಲಿಗೆ ನೀರು ಹಚ್ಚಿ ಮೇಲೆ ಹಾರಿಸಿ. ಹಸಿಯೋ, ಒಣಗಿದ್ದೋ? ಸರಿಯಾಗಿ ಹೇಳಿದವರು ಮೊದಲು.

ಕಲ್ಲಿನ ಗೋಪುರದಿಂದ 15 ಅಡಿ ದೂರದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಗುಂಪಿನವರು ಗೆರೆಯ ಹಿಂದೆ ನಿಂತು ಒಬ್ಬೊಬ್ಬರಾಗಿ ಚೆಂಡು ಎಸೆಯಬೇಕು. ಒಬ್ಬರಿಗೆ 3 ಎಸೆತ. ಎದುರು ಗುಂಪಿನವರು ಗೋಪುರದ ಆಚೆ ಚೆಂಡು ಹಿಡಿಯಲು ನಿಂತಿರುತ್ತಾರೆ. ಗುರಿ ತಪ್ಪಿದ ಚೆಂಡು ಒಂದು ಸಲ ನೆಲಕ್ಕೆ ಬಿದ್ದು ಪುಟಿದಾಗ ಅವರು ಹಿಡಿದರೆ, ಎಸೆದವರು ಔಟು. ಮೂರು ಎಸೆತವೂ ತಪ್ಪಿದರೆ ಗುಂಪಿನ ಮುಂದಿನವರು ಬರಬೇಕು. ಎಲ್ಲರದ್ದೂ ತಪ್ಪಿದರೆ ಸರದಿ ಎದುರು ಗುಂಪಿಗೆ.

ಚೆಂಡು ತಾಗಿ ಗೋಪುರ ಬಿತ್ತು ಅನ್ನಿ. ನಿಜವಾದ ಆಟ ಆಗ ಶುರು. ಬೀಳಿಸಿದವರೇ ಅದನ್ನು ಮತ್ತೆ ಕಟ್ಟಬೇಕು. ಎದುರು ಗುಂಪಿನವರು ಚೆಂಡಿನಿಂದ ಅವರನ್ನು ಹೊಡೆಯಬೇಕು. ಏಟು ಸೊಂಟದ ಕೆಳಗೇ ಬೀಳಬೇಕು. ಮುಖಕ್ಕೆ, ಎದೆಗೆ ಹೊಡೆಯುವಂತಿಲ್ಲ. ಚೆಂಡು ಹಿಡಿದುಕೊಂಡು ಓಡುವಂತೆಯೂ ಇಲ್ಲ. ನಿಂತಲ್ಲಿಂದಲೇ ಎಸೆಯಬೇಕು. ಇಲ್ಲವೇ ತಮ್ಮವರಿಗೆ ಕೊಡಬೇಕು. ಗೋಪುರ ಕಟ್ಟುವ ಗುಂಪಿನ ಒಬ್ಬರಿಗೆ ಚೆಂಡು ತಾಗಿದರೂ ಸರದಿ ಹೋಯಿತು. ತಾಗುವ ಮುಂಚೆ ಏಳೂ ಕಲ್ಲು ಜೋಡಿಸಿ "ಲಗೋರಿ!" ಅಂತ ಕೂಗಿದರೆ ಒಂದು ಗೆಲುವು.

ಕಲ್ಲು ಜೋಡಿಸುವವಳು ಬಗ್ಗಿರುತ್ತಾಳೆ. ಹಿಂದಿನಿಂದ ಚೆಂಡು ಬರುವುದು ಅವಳಿಗೆ ಕಾಣುವುದಿಲ್ಲ. ಏಟು ತಪ್ಪಿಸಿಕೊಳ್ಳುವುದು ಹೇಗೆ? ನಮ್ಮ ಕೇಂದ್ರದ ಎಲ್ಲರಿಗಿಂತ ಹಿರಿಯ ಅಜ್ಜಿ ಹೇಳಿದರು: "ನಾನು ಕಲ್ಲು ಮುಟ್ತಾನೇ ಇರ್ಲಿಲ್ಲ ಕಣವ್ವ. ಕಲ್ಲಿನ ತಾವು ಓಡೋಡಿ ಬರೋಳು, ಬಗ್ಗೋ ಹಂಗೆ ಮಾಡೋಳು, ದೂರ ಓಡೋಳು. ಅವ್ರೆಲ್ಲಾ ನಂಗೆ ಹೊಡಿಯಾಕೆ ನೋಡೋರು. ಅಷ್ಟ್ರಲ್ಲಿ ನಮ್ಮಕ್ಕ ಮೂರು ಕಲ್ಲು ಇಟ್ಟಿರೋಳು." ನಾನು ಶಾಲೆಯಲ್ಲಿ ಎಷ್ಟೋ ವರ್ಷದಿಂದ ಮಕ್ಕಳಿಗೆ ಈ ಆಟ ಆಡಿಸುತ್ತಿದ್ದೆ. ಈ ಉಪಾಯ ಮಾತ್ರ ನನಗೆ ಹೊಳೆದಿರಲಿಲ್ಲ.

ಲಗೋರಿ ನಮ್ಮಲ್ಲಿ ಮಾತ್ರ ಇಲ್ಲ. ಮಹಾರಾಷ್ಟ್ರದಲ್ಲೂ ಲಗೋರಿ ಅಂತಲೇ ಕರೆಯುತ್ತಾರೆ. ತಮಿಳರಿಗೆ ಇದು ಏಳು ಕಲ್ಲು. ತೆಲುಗಿನವರಿಗೆ ಏಡು ಪೆಂಕುಲಾಟ, ಅಂದರೆ ಏಳು ಹೆಂಚಿನ ಚೂರಿನ ಆಟ. ಉತ್ತರದ ಕಡೆ ಪಿಟ್ಟೂ ಅನ್ನುತ್ತಾರೆ.

ಮೂಲೆಯಲ್ಲಿ ಕೂತ ಅಕ್ಕ

ಅವತ್ತು ಎಲ್ಲರೂ ಮಾತಾಡುತ್ತಿದ್ದರು. ಒಬ್ಬ ಅಕ್ಕ ಮಾತ್ರ ಸ್ಲೇಟು ಒರೆಸುತ್ತಾ ಸುಮ್ಮನೆ ಕೂತಿದ್ದರು.

"ನೀವು ಆಡ್ತಿರ್ಲಿಲ್ವಾ ಅಕ್ಕ?" ಅಂತ ಕೇಳಿದೆ.

"ಆಡ್ತಿದ್ದೆ ಟೀಚರಮ್ಮ. ಇಸ್ಕೂಲಿಗೆ ಎರಡೇ ವರ್ಷ ಹೋಗಿದ್ದು. ಬಿಟ್ಟ ಮೇಲೂ ಬೀದೀಲಿ ಆಡ್ತಿದ್ದೆ. ದೊಡ್ಡೋಳಾದೆ ಅಂತ ಗೊತ್ತಾದ ದಿನ ನಮ್ಮವ್ವ ಕೈಯಾಗಿದ್ದ ಚೆಂಡು ಕಿತ್ಕೊಂಡ್ಳು. ಅವತ್ತಿಂದ ಮುಟ್ಟಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಹೋದ ದಸರಾದಲ್ಲಿ ನನ್ನ ಮಗಳ ಕೈಯಿಂದ ನಾನೂ ಕಿತ್ಕೊಂಡೆ."

ಆ ಹುಡುಗಿ ನನ್ನ ಏಳನೇ ಕ್ಲಾಸಿನಲ್ಲೇ ಇದ್ದಳು. ಆಟದ ಪೀರಿಯಡ್ಡಿನಲ್ಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಉಳಿದವರ ಚಪ್ಪಲಿ ಕಾಯುತ್ತಿದ್ದಳು. ಅವಳಿಗೆ ಆಟದ ಮನಸ್ಸಿಲ್ಲ ಅಂತ ನಾನು ತಿಳಿದಿದ್ದೆ. ಒಂದು ದಿನವೂ ಕೇಳಿರಲಿಲ್ಲ. ಹಾಗಾಗಿ ತಪ್ಪು ನನ್ನದೂ ಇತ್ತು.

ಯಾಕೆ ಬಿಡಿಸುತ್ತೀರಿ ಅಂತ ಎಲ್ಲರನ್ನೂ ಕೇಳಿದೆ. ನೋಡಿದ ಜನ ಏನಂತಾರೆ ಅಂದರು. ಮನೆ ಕೆಲಸ ಯಾರು ಮಾಡ್ತಾರೆ ಅಂದರು. ಮುಟ್ಟಾದಾಗ ಓಡಿದರೆ ಗರ್ಭಕೋಶ ಜಾರುತ್ತೆ ಅಂತ ಒಬ್ಬರು ಹೇಳಿದರು.

ಕೊನೆಯದು ನಿಜವಲ್ಲ. ಓಡಿದರೆ, ಆಡಿದರೆ ಗರ್ಭಕೋಶಕ್ಕೆ ಏನೂ ಆಗುವುದಿಲ್ಲ. ಮುಟ್ಟಿನ ದಿನ ಹೊಟ್ಟೆನೋವು ಇದ್ದರೆ, ಸುಸ್ತು ಇದ್ದರೆ ಹುಡುಗಿ ಕೂರಲಿ. ಇಲ್ಲದಿದ್ದರೆ ಆಡಲಿ. ಆಸ್ಪತ್ರೆಯ ನರ್ಸಮ್ಮನನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಕೆಲಸದ ಮಾತಿಗೆ ಒಬ್ಬ ತಂಗಿಯೇ ಉತ್ತರ ಕೊಟ್ಟಳು: "ಗಂಡುಡ್ಗ ಆಡೋವಾಗ ಮನೆ ಕೆಲಸ ನೆನಪಾಗಲ್ವಲ್ಲಾ ಅಕ್ಕ." ಜನರ ಬಾಯಿಗೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಒಂದು ವಿಷಯ ಮಾತ್ರ ಹೇಳಿದೆ. ನೀವೂ ತಿಳಿದುಕೊಳ್ಳಿ. 2009ರಲ್ಲಿ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಾಲೆಗೆ ಆಟದ ಬಯಲು ಇರಬೇಕು, ಆಟದ ಸಾಮಾನು ಇರಬೇಕು ಅಂತ ಅದರಲ್ಲಿ ಬರೆದಿದೆ. ಗಂಡುಮಕ್ಕಳಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತಲೂ ಇದೆ. ನಮ್ಮ ಕಡೆ ಇದನ್ನು ಎಸ್‌ಡಿಎಂಸಿ ಅನ್ನುತ್ತೇವೆ. ಬಯಲಿನಲ್ಲಿ ಯಾರೋ ಜಲ್ಲಿ ಸುರಿದಿದ್ದರೆ, ಹುಲ್ಲಿನ ಮೆದೆ ಹಾಕಿದ್ದರೆ, ಚೆಂಡು ಬೀರುವಿನಲ್ಲೇ ಉಳಿದಿದ್ದರೆ, ಸಭೆಯಲ್ಲಿ ಎದ್ದು ನಿಂತು ಕೇಳಬಹುದು.

ಭಾನುವಾರ

ಮಾತು ಸಾಕು, ಆಡೇ ಬಿಡೋಣ ಅಂತ ಅಜ್ಜಿ ಹೇಳಿದರು. ಆ ಭಾನುವಾರ ಸಾಯಂಕಾಲ ಶಾಲೆಯ ಬಯಲಿಗೆ 12 ಜನ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಕಾಂಪೌಂಡಿನ ಮೇಲೆ ಗಂಡಸರು ಕೂತು ನಗುತ್ತಿದ್ದರು. ಮೊದಲ ಗೋಪುರ ಬೀಳುವ ಹೊತ್ತಿಗೆ ನಗು ನಿಂತು, "ಎಡಗಡೆ ಹೊಡಿ, ಎಡಗಡೆ" ಅಂತ ಅವರೇ ಹೇಳಿಕೊಡತೊಡಗಿದರು.

ಮೂಲೆಯ ಅಕ್ಕನ ಸರದಿ ಬಂತು. ಮಗಳು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಮೊದಲ ಎಸೆತ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು ನಡುವಿನ ಕಲ್ಲಿಗೇ ತಾಗಿ ಏಳೂ ಚೆಲ್ಲಾಪಿಲ್ಲಿ ಆದವು. ಅಕ್ಕ ಕೈ ಬಾಯಿಗೆ ಇಟ್ಟುಕೊಂಡು ನಿಂತೇಬಿಟ್ಟರು. ಓಡಬೇಕು ಅನ್ನುವುದೇ ಮರೆತುಹೋಗಿತ್ತು.

"ಅವ್ವಾ, ಓಡು!"

ಮಗಳು ಕೊಡ ಕೆಳಗಿಟ್ಟು ಬಯಲಿಗೆ ನುಗ್ಗಿದಳು. ಆಟದಲ್ಲಿ ಅವಳು ಇರಲೇ ಇಲ್ಲ. ಎದುರು ಗುಂಪಿನವರು ಅದು ಮೋಸ ಅಂತ ಕೂಗಿದರು. ಯಾರು ಕೇಳುತ್ತಾರೆ? ತಾಯಿ ಅತ್ತ ಇತ್ತ ಓಡುತ್ತಿದ್ದರು, ಮಗಳು ಕಲ್ಲು ಜೋಡಿಸುತ್ತಿದ್ದಳು. ಏಳನೇ ಕಲ್ಲು ಇಟ್ಟು ಇಬ್ಬರೂ ಒಟ್ಟಿಗೆ ಕೂಗಿದರು. ಆ ಗೆಲುವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅನ್ನುವ ಜಗಳ ನಮ್ಮ ಕೇಂದ್ರದಲ್ಲಿ ಬಹಳ ದಿನ ನಡೆಯಿತು.

ಹೋಗುವಾಗ ಅಕ್ಕ ನನ್ನ ಹತ್ತಿರ ಬಂದರು. "ಇಸ್ಕೂಲಲ್ಲಿ ಆಡ್ಲಿ ಟೀಚರಮ್ಮ. ಬೀದೀಲಿ ಮಾತ್ರ ಬ್ಯಾಡ, ನಮ್ಮತ್ತೆ ಒಪ್ಪಾಕಿಲ್ಲ" ಅಂದರು. ಆಗಲಿ ಅಕ್ಕ ಅಂದೆ.

ಓದಿ, ಬರೆಯಿರಿ

1. ಈ ಪದಗಳನ್ನು ಗಟ್ಟಿಯಾಗಿ ಓದಿ: ಕಲ್ಲು, ಚಪ್ಪಟೆ, ಗುಂಪು, ಗೋಪುರ, ಚೆಂಡು, ಎಸೆತ.

2. ಒಂದು ಗುಂಪಿನಲ್ಲಿ 6 ಜನ ಇದ್ದಾರೆ. ಒಬ್ಬೊಬ್ಬರಿಗೆ 3 ಎಸೆತ. ಒಟ್ಟು ಎಷ್ಟು ಎಸೆತ?

3. ನೀವು ಕೊನೆಯ ಸಲ ಚೆಂಡು ಹಿಡಿದದ್ದು ಯಾವಾಗ? ಆಗ ನಿಮಗೆ ಎಷ್ಟು ವಯಸ್ಸು? ಎರಡು ಸಾಲು ಬರೆಯಿರಿ.

4. ನಿಮ್ಮ ತವರಿನಲ್ಲಿ ಲಗೋರಿ ಹೇಗೆ ಆಡುತ್ತಿದ್ದರು? ನಿಮ್ಮ ಮಗಳಿಗೋ ಸೊಸೆಗೋ ಹೇಳಿ. ಅವರು ಬರೆಯಲಿ, ನೀವು ಓದಿ ತಪ್ಪು ತಿದ್ದಿ.